ರಾಣಿಯ ಮುಖ, ನಾವಿಕರ ಹೆಣ

ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಸಂಗ್ರಹಾಲಯದಲ್ಲಿ ಅಂಗೈಯಲ್ಲಿ ಅಡಗುವಷ್ಟು ಚಿಕ್ಕದೊಂದು ಚಿನ್ನದ ಪದಕವಿದೆ. ಮುಂಬದಿಯಲ್ಲಿ ಒಂದನೇ ಎಲಿಜಬೆತ್ ರಾಣಿಯ ಮುಖ. ಸುತ್ತ ವಜ್ರ, ಕೆಂಪು. ಒಳಗೆ ನಿಕೊಲಸ್ ಹಿಲಿಯರ್ಡ್ ಬರೆದ ಅವಳದೇ ಪುಟ್ಟ ಚಿತ್ರ. ಹಿಂಬದಿಯಲ್ಲಿ ಭೋರ್ಗರೆವ ಕಡಲ ಮೇಲೆ ಅಲುಗದೆ ತೇಲುವ ನಾವೆ. ಆಸ್ಥಾನಿಕ ಥಾಮಸ್ ಹೆನೇಜ್‌ಗೆ ರಾಣಿ ಕೃಪೆಯಿಂದ ಕೊಟ್ಟದ್ದಂತೆ. ಹೆಸರು ಆರ್ಮಡಾ ಪದಕ.

ಯಾರ ನಾವೆ ಅಲುಗಲಿಲ್ಲ? 1588ರಲ್ಲಿ ಸ್ಪೇನಿನ ಹಡಗುಪಡೆ ಆರ್ಮಡಾವನ್ನು ಹಿಮ್ಮೆಟ್ಟಿಸಿದ ಇಂಗ್ಲಿಷ್ ನಾವಿಕರು ಅದೇ ವರ್ಷದ ಆಗಸ್ಟಿನಲ್ಲಿ ಮಾರ್ಗೇಟ್ ಊರಿನ ಬೀದಿಗಳಲ್ಲಿ ಜ್ವರ ಹತ್ತಿ ಸತ್ತರು. ಮಲಗಿಸಲು ಕೊಟ್ಟಿಗೆಗಳಷ್ಟೇ ಸಿಕ್ಕವು. ದುಡಿದ ಸಂಬಳವೂ ಕೈಸೇರಿರಲಿಲ್ಲ. ಇದನ್ನು ಯಾವ ದಂಗೆಕೋರನೂ ಹೇಳಿದ್ದಲ್ಲ. ಇಂಗ್ಲಿಷ್ ನೌಕಾಪಡೆಯ ದಂಡನಾಯಕ ಹೋವರ್ಡನೇ ರಾಣಿಯ ಮಂತ್ರಿಗೆ ಕಾಗದ ಬರೆದು ಗೋಳಾಡಿದ. ಕೂಲಿ ಕೊಡಲು ಬೊಕ್ಕಸ ಬರಿದಂತೆ, ಮುಖ ಕೆತ್ತಿಸಲು ಚಿನ್ನವಿತ್ತಂತೆ!

ಇನ್ನೊಂದು ಪದಕ ನೋಡಿದರೆ ನನ್ನ ರಕ್ತ ಕುದಿಯುತ್ತದೆ. ಕಡಲ ಕಪ್ತಾನ ಫ್ರಾನ್ಸಿಸ್ ಡ್ರೇಕ್‌ಗೆ ರಾಣಿ ಕೊಟ್ಟದ್ದು. 1591ರ ಚಿತ್ರದಲ್ಲಿ ಅದನ್ನವನು ಸೊಂಟದ ಬಳಿ ತೂಗಿಬಿಟ್ಟು ನಿಂತಿದ್ದಾನೆ. ಅದರ ಕಲ್ಲಿನಲ್ಲಿ ಕೆತ್ತಿರುವುದು ಒಬ್ಬ ಆಫ್ರಿಕನ್ನನ ಮುಖ. ಇದೇ ಡ್ರೇಕ್ 1567ರಲ್ಲಿ ಜಾನ್ ಹಾಕಿನ್ಸ್‌ನ ಹಡಗುಗಳೊಡನೆ ಹೊರಟವನು. ಆಫ್ರಿಕದ ತೀರದಲ್ಲಿ ಮನುಷ್ಯರನ್ನು ಹಿಡಿದು ಕೆರಿಬಿಯನ್ನಿನಲ್ಲಿ ಮಾರಿದ ಯಾತ್ರೆ ಅದು. ಅದಕ್ಕೆ ರಾಣಿ ತನ್ನದೇ ಹಡಗನ್ನು ಕೊಟ್ಟಿದ್ದಳು. ಮಾರಿದವನ ಸೊಂಟಕ್ಕೆ ಆಭರಣವಾದ ಆ ಮುಖಕ್ಕೆ ಹೆಸರಿಲ್ಲ. ಕಲಾ ಇತಿಹಾಸಕಾರರು ಅದರಲ್ಲಿ ಸಂಕೇತ ಹುಡುಕುತ್ತಾರೆ. ಪನಾಮಾದಲ್ಲಿ ಗುಲಾಮಗಿರಿಯಿಂದ ಪಾರಾದ ಕಪ್ಪು ಜನರೊಡನೆ ಡ್ರೇಕ್ ಕೈಜೋಡಿಸಿದ್ದನ್ನು ನೆನಪಿಸುತ್ತಾರೆ. ಹೌದು, 1573ರಲ್ಲಿ ಕೈಜೋಡಿಸಿದ, ಸ್ಪೇನಿನವರ ಬೆಳ್ಳಿ ದೋಚಲು.

ಎಲಿಜಬೆತ್ ಒಬ್ಬಳೇ ಅಲ್ಲ, ಜರ್ಮನ್ ದೊರೆಗಳೂ ತಮ್ಮ ಮುಖದ ಪದಕಗಳನ್ನು ಚಿನ್ನದ ಸರಪಳಿಗೆ ಪೋಣಿಸಿ ಹಂಚಿದರು. ತೊಟ್ಟವನು ಎದೆಯ ಮೇಲೆ ಒಡೆಯನ ಮುಖ ಹೊತ್ತು ತಿರುಗಬೇಕು. ಇಂಥ ಒಡವೆಗಳಿಗೆ ಜಡಿದ ವಜ್ರಗಳೋ? ಆ ಕಾಲದಲ್ಲಿ ಯುರೋಪಿಗೆ ಹೋದ ವಜ್ರಗಳು ಬಹುತೇಕ ನಮ್ಮ ದಖ್ಖನ್ನಿನ ಗಣಿಗಳವು. ದೊರೆಗಳ ಮುಖ ಬೆಳಗಿಸಲು ಮಣ್ಣು ಜಾಲಿಸಿ ವಜ್ರ ಹೆಕ್ಕಿದ ಕೂಲಿಗಳ ಮುಖವನ್ನು ಯಾವ ಅಕ್ಕಸಾಲಿಗನೂ ಕೆತ್ತಲಿಲ್ಲ.

ಮಾರ್ಗೇಟಿನ ನಾವಿಕರಿಗೆ ಏನು ಸಿಕ್ಕಿತು ಎನ್ನುತ್ತೀರಾ? 1590ರ ಹೊತ್ತಿಗೆ ಗಾಯಾಳು ನಾವಿಕರಿಗಾಗಿ ಚ್ಯಾಥಮ್ ಬಂದರಿನಲ್ಲಿ ಒಂದು ನಿಧಿಯ ಪೆಟ್ಟಿಗೆ ಇಟ್ಟರು. ಅದಕ್ಕೆ ಹಣ ಮುರಿದುಕೊಂಡದ್ದು ನಾವಿಕರ ಸಂಬಳದಿಂದಲೇ.