ಅದು ದ್ವೀಪ ಅಲ್ಲ ಮಾರಾಯ್ರೆ, ಗುಡ್ಡದ ತುದಿ

ಮೊನ್ನೆ ಭಾನುವಾರ ಬೆಳಿಗ್ಗೆ ಗಾಂಧಿ ಬಜಾರಿನಲ್ಲಿ ವಿದ್ಯಾರ್ಥಿ ಭವನದ ಮುಂದೆ ದೋಸೆಗೆ ಕಾಯ್ತಾ ನಿಂತಿದ್ದೆ. ಜೊತೆಗಿದ್ದ ಗೆಳೆಯ ಜಾಂಬಿಯಾದಲ್ಲಿ ಕೆಲಸದಲ್ಲಿದ್ದಾನೆ, ರಜೆಗೆ ಬಂದಿದ್ದ. ಮೊಬೈಲ್ ತೆಗೆದು ಕರೀಬಾ ಸರೋವರದ ಫೋಟೋ ತೋರಿಸೋಕೆ ಶುರು ಮಾಡಿದ. ಕಣ್ಣು ಹಾಯಿಸಿದಷ್ಟೂ ನೀರು, ಮಧ್ಯೆ ಮಧ್ಯೆ ದ್ವೀಪಗಳು, ನೀರೊಳಗೆ ನಿಂತ ಸತ್ತ ಮರಗಳು. ಅಲ್ಲಿಂದ ತಂದ ಒಂದು ಕೆತ್ತನೆಯ ಕೋಲಿನ ಫೋಟೋನೂ ಇತ್ತು. ಹಾವಿನ ಮೈಯ ನದಿ ದೇವರು, ನ್ಯಾಮಿನ್ಯಾಮಿ ಅಂತ ಹೆಸರು.

ಆಮೇಲೆ ಅಂದ, "ಈ ಸಲ ನಮ್ಮ ದೇಶದ ದ್ವೀಪಾನೂ ನೋಡ್ಬಿಡೋಣ ಕಣೋ. ಸಿಗಂದೂರಿಗೆ ಹೋಗೋಣ. ಆದ್ರೆ ಸೇತುವೆ ಆಗಿ ಲಾಂಚಿನ ಮಜಾನೇ ಹೋಯ್ತಂತೆ!"

ದೋಸೆ ಬಂತು. ತಿಂದೆ. ಆದರೆ ಆ 'ಮಜಾ' ಅನ್ನೋ ಮಾತು ಗಂಟಲಲ್ಲೇ ಉಳಿದುಬಿಡ್ತು. ಅದಕ್ಕೇ ಇದನ್ನ ಬರೀತಿದ್ದೀನಿ.

ನನ್ನ ಅಜ್ಜಿಯ ತವರು ಶರಾವತಿ ಹಿನ್ನೀರಿನ ಅಡಿಯಲ್ಲಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಮನೆ, ಗದ್ದೆ, ಅಡಿಕೆ ತೋಟ ಎಲ್ಲಾ ಹೋಯ್ತು. ಕೊನೆಗಾಲದಲ್ಲಿ ಅಜ್ಜಿ ನಮ್ಮ ಜೊತೆ ಬಸವನಗುಡಿಯಲ್ಲೇ ಇದ್ದರು. ಸಂಜೆ ಕರೆಂಟು ಹೋಗಿ ವಾಪಸ್ ಬಂದಾಗ ನಾವೆಲ್ಲ "ಹೋ" ಅಂತ ಕೂಗ್ತಿದ್ವಿ. ಅಜ್ಜಿ ಮಾತ್ರ ಬಲ್ಬು ನೋಡ್ತಾ "ನಮ್ಮನೆ ಗದ್ದೆ ಉರೀತಾ ಇದ್ದು ನೋಡು ಮಾಣಿ" ಅನ್ನೋರು. ಆಗ ನಗು ಬರ್ತಿತ್ತು. ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳು ಸೇರಿ 1035 ಮೆಗಾವ್ಯಾಟ್ ಅಂತ ಶಾಲೆಯಲ್ಲಿ ಓದಿದಾಗಲೂ ಅರ್ಥ ಆಗಿರಲಿಲ್ಲ. ಈಗ ಆಗುತ್ತೆ.

ನಾವು ದ್ವೀಪ ಅನ್ನೋದು ಅಲ್ಲಿ ಮುಳುಗದೇ ಉಳಿದ ಗುಡ್ಡಗಳ ತುದಿ, ಅಷ್ಟೇ. ತುಮರಿ, ಸಿಗಂದೂರು ಇರುವ ಭಾಗವಂತೂ ಸರಿಯಾಗಿ ನೋಡಿದರೆ ದ್ವೀಪವೇ ಅಲ್ಲ. ಮೂರು ಕಡೆ ನೀರು, ನಾಲ್ಕನೇ ಕಡೆ ಕಾಡು, ಘಟ್ಟ. ಸಾಗರ ಪೇಟೆಗೆ ನೇರ ದಾರಿ ಇದ್ದ ಜನ ಒಂದು ಅಣೆಕಟ್ಟಿನಿಂದಾಗಿ 'ದ್ವೀಪದವರು' ಆಗಿಬಿಟ್ಟರು. 1940ರ ದಶಕದಲ್ಲಿ ಅಲ್ಲೇ ಮಡೇನೂರಿನ ಹತ್ತಿರ ಹಿರೇಭಾಸ್ಕರ ಅಣೆಕಟ್ಟು ಕಟ್ಟಿದ್ದರು. ಲಿಂಗನಮಕ್ಕಿ ಬಂದ ಮೇಲೆ ಅದೂ ಮುಳುಗಿತು. ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ಈಗಲೂ ಎದ್ದು ಕಾಣುತ್ತೆ. ಊರು ಮುಳುಗಿಸಿದ ಅಣೆಕಟ್ಟನ್ನೇ ಇನ್ನೊಂದು ಅಣೆಕಟ್ಟು ಮುಳುಗಿಸಿದ ಕಥೆ ಇದು!

ಗೆಳೆಯನ ಕರೀಬಾ ಕಥೆಯೂ ಬೇರೆಯಲ್ಲ. ಜಾಂಬೆಜಿ ನದಿಗೆ 1959ರಲ್ಲಿ ಅಣೆಕಟ್ಟು ಎದ್ದಿತು. ಸುಮಾರು 57 ಸಾವಿರ ತೋಂಗಾ ಜನ ನದಿ ದಂಡೆಯ ಹೊಲ ಬಿಟ್ಟು ಹೋಗಬೇಕಾಯ್ತು. ದ್ವೀಪವಾದ ಗುಡ್ಡಗಳ ಮೇಲೆ ಸಿಕ್ಕಿಬಿದ್ದ ಸಾವಿರಾರು ಪ್ರಾಣಿಗಳನ್ನ ದೋಣಿಯಲ್ಲಿ ಸಾಗಿಸಿದ್ದು ದೊಡ್ಡ ಸುದ್ದಿಯಾಯ್ತು, 'ಆಪರೇಷನ್ ನೋಹ' ಅಂತ ಹೆಸರೂ ಬಂತು. ಜನರನ್ನ ಸಾಗಿಸಿದ್ದಕ್ಕೆ ಅಂಥಾ ಚಂದದ ಹೆಸರೇನೂ ಬರಲಿಲ್ಲ. ಅವರ ನದಿ ದೇವರು ಈಗ ಪ್ರವಾಸಿಗರ ಕೈಕೋಲಿನ ಮೇಲಿದ್ದಾನೆ.

ನಾವೇನು ಕಡಿಮೆಯಾ? ದೀವರ ಹೆಣ್ಣುಮಕ್ಕಳ ಹಸೆ ಚಿತ್ತಾರ ಬಸವನಗುಡಿ, ಮಲ್ಲೇಶ್ವರದ ಮನೆಗಳ ಹಾಲ್‌ನಲ್ಲಿ ಫ್ರೇಮ್ ಹಾಕ್ಕೊಂಡು ಕೂತಿದೆ. ಕೆಮ್ಮಣ್ಣಿನ ಗೋಡೆ ಮೇಲೆ ಅಕ್ಕಿಹಿಟ್ಟಿನ ಬಿಳಿ, ಪುಂಡಿ ನಾರಿನ ಕುಂಚ. ಚಂದ, ಇಲ್ಲ ಅನ್ನಲ್ಲ. ಭೂಮಿ ಹುಣ್ಣಿಮೆಗೆ ಅದೇ ಕೈಗಳು ಭೂಮಣ್ಣಿ ಬುಟ್ಟಿ ಬರೆದು, ಬಸುರಿ ಗದ್ದೆಗೆ ಬಯಕೆಯ ಊಟ ಹೊತ್ತು ಹೋಗುತ್ತವೆ. ಹಾಗಾಗಿ ಚಿತ್ತಾರಕ್ಕೆ ಗೋಡೆಯಷ್ಟೇ ಸಾಲದು, ಗದ್ದೆಯೂ ಬೇಕು. ಮುಳುಗಡೆಯ ಎಷ್ಟೋ ಕುಟುಂಬಗಳಿಗೆ ಅರವತ್ತು ವರ್ಷ ಕಳೆದರೂ ಹಕ್ಕುಪತ್ರ ಸಿಕ್ಕಿಲ್ಲ. ಕೊಟ್ಟ ಜಾಗದ ಎಷ್ಟೋ ಭಾಗ ಕಾಗದದಲ್ಲಿ ಅರಣ್ಯ ಅಂತಲೇ ಇದೆ. ಉಳುತ್ತಿರುವ ಗದ್ದೆ ತನ್ನದು ಅನ್ನೋಕೆ ದಾಖಲೆ ಇಲ್ಲದವನು ಹುಣ್ಣಿಮೆ ದಿನ ಯಾವ ಧೈರ್ಯದ ಮೇಲೆ ಅದಕ್ಕೆ ಬಯಕೆ ಊಟ ಬಡಿಸ್ತಾನೆ ಹೇಳಿ?

ಇನ್ನು ಲಾಂಚಿನ ಮಜಾ. ಅಂಬಾರಗೋಡ್ಲು-ಕಳಸವಳ್ಳಿ ನಡುವಿನ ಸುಮಾರು 2.4 ಕಿ.ಮೀ. ಸೇತುವೆ 2025ರ ಜುಲೈ 14ರಂದು ಉದ್ಘಾಟನೆ ಆಯ್ತು. ಅದಾದ ಮೇಲೆ ನಮ್ಮಂಥವರೆಲ್ಲ "ಅಯ್ಯೋ ಲಾಂಚ್..." ಅಂತ ಹಲುಬಿದ್ದೇ ಹಲುಬಿದ್ದು. ನಾನೂ ಲಾಂಚಿನಲ್ಲಿ ಹೋದವನೇ, ಕಂಬಿ ಹಿಡಿದು ಸೂರ್ಯಾಸ್ತದ ಫೋಟೋ ತೆಗೆದವನೇ. ಆದರೆ ಸಂಜೆ ಕೊನೆಯ ಲಾಂಚ್ ಹೋದ ಮೇಲೆ ಹೆರಿಗೆ ನೋವು ಬಂದರೆ, ಹಾವು ಕಚ್ಚಿದರೆ ಅಲ್ಲಿನವರಿಗೆ ಉಳಿಯುತ್ತಿದ್ದದ್ದು ಕಾಡಿನ ರಸ್ತೆಯ ದೂರದ ಸುತ್ತು. ಅವರಿಗದು ಮಜಾ ಆಗಿರಲಿಲ್ಲ. ಮುಳುಗಿಸಿದ್ದು 1964ರಲ್ಲಿ, ಸೇತುವೆ 2025ರಲ್ಲಿ. ನಡುವಿನ ಅರವತ್ತೊಂದು ವರ್ಷಕ್ಕೆ ಬೇಕಿದ್ದರೆ ಹಲುಬೋಣ.

ಸಾಲದ್ದಕ್ಕೆ 2019ರಲ್ಲಿ ಇದೇ ಲಿಂಗನಮಕ್ಕಿಯ ನೀರನ್ನ ಬೆಂಗಳೂರಿಗೆ ತರೋ ಮಾತು ಬಂತು. ಶಿವಮೊಗ್ಗ ಜಿಲ್ಲೆಯೇ ಬಂದ್ ಮಾಡಿ ಬೇಡ ಅಂತು. ಧರ್ಮಾಂಬುಧಿ ಕೆರೆಯನ್ನ ಮೆಜೆಸ್ಟಿಕ್ ಬಸ್‌ಸ್ಟ್ಯಾಂಡ್ ಮಾಡಿಕೊಂಡ ಊರು ನಮ್ಮದು, ಸಂಪಂಗಿ ಕೆರೆಯಲ್ಲಿ ಸ್ಟೇಡಿಯಂ ಕಟ್ಟಿಕೊಂಡವರು ನಾವು. ಬೆಳಕು ತಗೊಂಡಾಯ್ತು, ಇನ್ನು ನೀರೂ ಬೇಕು ಅಂತ ಯಾವ ಮುಖ ಇಟ್ಟುಕೊಂಡು ಕೇಳೋದು?

ಹೋಗಬೇಡಿ ಅಂತ ನಾನು ಹೇಳ್ತಿಲ್ಲ. ಹೋಗಿ, ಖಂಡಿತ ಹೋಗಿ. ಹೊಳೆಬಾಗಿಲು ದಾಟಿ, ದೇವಿ ದರ್ಶನ ಮಾಡಿ ಹಾಗೇ ಕಾರು ತಿರುಗಿಸಬೇಡಿ. ತುಮರಿಯಲ್ಲಿ ಇಳಿದು ಟೀ ಕುಡೀರಿ. ಅಂಗಡಿಯಲ್ಲಿ ಕೂತ ವಯಸ್ಸಾದವರನ್ನ "ನಿಮ್ಮ ಮೂಲ ಊರು ಯಾವುದು?" ಅಂತ ಒಂದು ಮಾತು ಕೇಳಿ. ಮ್ಯಾಪಿನಲ್ಲಿ ಇಲ್ಲದ ಊರಿನ ಹೆಸರು ಬಂದೀತು. ಹೊರಡೋ ಮೊದಲು ನಾ. ಡಿಸೋಜರ 'ದ್ವೀಪ' ಓದಿ, ಇಲ್ಲಾ ಅದನ್ನ ಆಧರಿಸಿದ ಕಾಸರವಳ್ಳಿಯವರ 2002ರ ಸಿನಿಮಾ ನೋಡಿ.

ಗೆಳೆಯನಿಗೂ ಇಷ್ಟನ್ನೇ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ "ನಿಮ್ಮಜ್ಜಿ ಊರಿನ ಹೆಸರೇನೋ?" ಅಂದ.

ಹೇಳೋಕೆ ಹೋದೆ... ನೆನಪಾಗಲಿಲ್ಲ. ಅಮ್ಮನಿಗೆ ಫೋನ್ ಮಾಡಬೇಕಾಯ್ತು.

ನಿಮ್ಮ ಮನೆಯಲ್ಲೂ ಇಂಥ ಊರಿನವರು ಯಾರಾದರೂ ಇದ್ದರೆ ಇವತ್ತೇ ಕೇಳಿ ಬರೆದಿಟ್ಟುಕೊಳ್ಳಿ.