ಗಾಯಕರ ಮತವೂ ರಸಿಕರ ಮುನಿಸೂ

ಚುನಾವಣೆಯ ಕಾಲದಲ್ಲಿ ಅರಸೀಕೆರೆಯ ಬೀದಿಗಳಲ್ಲಿ ಸಾಗುವ ಮೆರವಣಿಗೆಗಳ ಮುಂದೆ ನಡೆಯುವ ಚಿಟ್ಟಿಮೇಳದವರೂ ವೀರಗಾಸೆಯವರೂ ವಾಲಗದವರೂ ಇಂದು ಒಂದು ಪಕ್ಷದ ಬಾವುಟದಡಿಯಲ್ಲಿ ನುಡಿಸಿ, ನಾಳೆ ಅದರ ಎದುರಾಳಿಯ ಬಾವುಟದಡಿಯಲ್ಲಿ ಅದೇ ಹುರುಪಿನಿಂದ ನುಡಿಸಿದರೆ ಯಾರೂ ಹುಬ್ಬುಗಂಟಿಕ್ಕುವುದಿಲ್ಲ. ಅದು ಅವರ ಹೊಟ್ಟೆಪಾಡು. (ಜನತಾದಳದಿಂದ ಮೂರು ಬಾರಿ ಗೆದ್ದ ಶಾಸಕರು 2023ರಲ್ಲಿ ಕಾಂಗ್ರೆಸ್ಸಿನಿಂದ ಗೆದ್ದುಬಂದ ಕ್ಷೇತ್ರದಲ್ಲಿ ವಾಲಗದವರೊಬ್ಬರಿಂದಲೇ ಪಕ್ಷನಿಷ್ಠೆಯನ್ನು ಬಯಸುವುದು ನ್ಯಾಯವೂ ಅಲ್ಲ.) ಆದರೆ ಹೆಸರಾಂತ ಗಾಯಕರೊಬ್ಬರು, ಯಾರ ಸಂಭಾವನೆಗೂ ಕೈಯೊಡ್ಡದೆ, ಸಂಪ್ರದಾಯಪರವಾದ ಪಕ್ಷದ ಅಭ್ಯರ್ಥಿಯೇ ತಮಗೆ ಸಮ್ಮತನೆಂದು ಬಹಿರಂಗವಾಗಿ ನುಡಿದರೆಂದರೆ, ನಿನ್ನೆಯವರೆಗೆ ಅವರ ಆಲಾಪನೆಗೆ ತಲೆದೂಗುತ್ತಿದ್ದ ರಸಿಕರಲ್ಲಿ ಹಲವರಿಗೆ ಆ ಕಂಠವೇ ಅಪಸ್ವರವಾಗಿ ಕೇಳತೊಡಗುತ್ತದೆ. ಕೂಲಿಗೆ ಹಾಡಿದವರಿಗೆ ಸಲ್ಲುವ ಔದಾರ್ಯವು ನಂಬಿ ನುಡಿದವರಿಗೆ ಸಲ್ಲದಿರುವುದು ವಿಚಿತ್ರವಾದ ನೀತಿಯೇ ಸರಿ.

1967ರ ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ ಚಿತ್ರಕ್ಕೆ ಹಾಡಿ ಕನ್ನಡಿಗರಿಗೂ ತಮ್ಮವರೆನಿಸಿದ ಲತಾ ಮಂಗೇಶ್ಕರರು 2013ರಲ್ಲಿ ಪುಣೆಯ ಸಮಾರಂಭವೊಂದರಲ್ಲಿ ನರೇಂದ್ರ ಮೋದಿಯವರು ಪ್ರಧಾನಿಯಾಗಲೆಂದು ಹಾರೈಸಿದಾಗ, ಆಕೆಯ ಭಾರತರತ್ನವನ್ನೇ ಹಿಂದಕ್ಕೆ ಪಡೆಯಬೇಕೆಂಬ ಕೂಗು ಕಾಂಗ್ರೆಸ್ಸಿನ ಮುಖಂಡರೊಬ್ಬರಿಂದ ಎದ್ದಿತು. ಸ್ವರಕ್ಕೆ ಸಂದ ಪುರಸ್ಕಾರವನ್ನು ಮತಕ್ಕಾಗಿ ಕಿತ್ತುಕೊಳ್ಳಬೇಕೆಂಬುದು ಎಂತಹ ತರ್ಕ! ಮುನಿಸು ಒಂದೇ ಪಾಳೆಯದ ಸ್ವತ್ತೂ ಅಲ್ಲ; 2024ರಲ್ಲಿ ಗಾಯಕ ಟಿ. ಎಂ. ಕೃಷ್ಣ ಅವರಿಗೆ ಮದರಾಸಿನ ಸಂಗೀತ ಅಕಾಡೆಮಿ ‘ಸಂಗೀತ ಕಲಾನಿಧಿ’ಯನ್ನು ಘೋಷಿಸಿದಾಗ ಅವರ ವಿಚಾರಗಳನ್ನು ಒಪ್ಪದ ಕೆಲವು ಕಲಾವಿದರು ಆ ವರ್ಷದ ಉತ್ಸವದಿಂದಲೇ ಹಿಂದೆ ಸರಿದರು.

ಇಳಯರಾಜರ ಪ್ರಸಂಗವು ಇದಕ್ಕಿಂತ ತೊಡಕಿನದು. ‘ಗೀತಾ’, ‘ಪಲ್ಲವಿ ಅನುಪಲ್ಲವಿ’ ಚಿತ್ರಗಳ ಈ ಸಂಗೀತಕಾರರು 2022ರ ಏಪ್ರಿಲಿನಲ್ಲಿ ಹೊರಬಂದ ಪುಸ್ತಕವೊಂದರ ಮುನ್ನುಡಿಯಲ್ಲಿ ಮೋದಿಯವರನ್ನು ಅಂಬೇಡ್ಕರರೊಡನೆ ಹೋಲಿಸಿದರು. ಜುಲೈ ತಿಂಗಳಲ್ಲಿ ರಾಜ್ಯಸಭೆಗೆ ನಾಮನಿರ್ದೇಶಿತರಾದರು. ಆ ಹೋಲಿಕೆಯನ್ನು ನಾನು ಒಪ್ಪಲಾರೆ, ಹೊಗಳಿಕೆಯ ಬೆನ್ನಿಗೇ ಪದವಿ ಬಂದಾಗ ಜನರು ಶಂಕಿಸಿದರೆ ಅವರನ್ನು ದೂರಲೂ ಆರೆ. ಮುನ್ನುಡಿಯನ್ನು ಬರೆದವರು ಅದರ ಖಂಡನೆಯನ್ನೂ ಕೇಳಬೇಕು. ನಾದದ ಹಿರಿಮೆಯು ವಾದಕ್ಕೆ ಕವಚವಾಗಲಾರದು. ಆದರೆ ಖಂಡನೆಗೆ ಯೋಗ್ಯವಾದುದು ಮುನ್ನುಡಿಯೇ ಹೊರತು ಅದಕ್ಕೆ ನಲವತ್ತು ವರ್ಷ ಮೊದಲು ಅವರು ಕೂಡಿಸಿದ ಸ್ವರಗಳಲ್ಲ.

ಈ ವಿವೇಕವನ್ನು ಗುವಾಹಾಟಿಯ ಮತದಾರರು ತೋರಿದ್ದುಂಟು. 1967ರಲ್ಲಿ ಪಕ್ಷೇತರರಾಗಿ ಅಸ್ಸಾಮಿನ ವಿಧಾನಸಭೆಗೆ ಆರಿಸಿಬಂದಿದ್ದ ಭೂಪೇನ್ ಹಜಾರಿಕಾರು 2004ರಲ್ಲಿ ಭಾರತೀಯ ಜನತಾ ಪಕ್ಷದ ಅಭ್ಯರ್ಥಿಯಾಗಿ ಲೋಕಸಭೆಗೆ ನಿಂತರು; ತಮ್ಮ ಮದುವೆಗಳಲ್ಲಿಯೂ ಹಬ್ಬಗಳಲ್ಲಿಯೂ ಅವರ ಹಾಡುಗಳನ್ನೇ ಹಾಡುತ್ತಿದ್ದ ಜನ ಅವರನ್ನು ಸೋಲಿಸಿಬಿಟ್ಟರು. 2011ರ ನವೆಂಬರಿನಲ್ಲಿ ಅವರು ತೀರಿಕೊಂಡಾಗ ಅದೇ ನಗರದಲ್ಲಿ ಲಕ್ಷೋಪಲಕ್ಷ ಜನರು ಅವರ ಅಂತಿಮದರ್ಶನಕ್ಕೆ ನೆರೆದರು. ಮತವನ್ನು ಕೊಡಲೊಲ್ಲದವರು ಕಣ್ಣೀರನ್ನು ಕೊಡಲು ಹಿಂಜರಿಯಲಿಲ್ಲ.

ರುದ್ರಪಟ್ಟಣದಂತಹ ಸಂಗೀತಗ್ರಾಮವನ್ನು ಪಡೆದ, ಗಾಯಕ ಆರ್. ಕೆ. ಶ್ರೀಕಂಠನ್ ಅವರ ಮನೆತನದ ಮೂಲಸ್ಥಾನವಾದ ನಮ್ಮ ಹಾಸನ ಜಿಲ್ಲೆಗೆ ಇಷ್ಟು ವಿವೇಕ ಕಷ್ಟವಾಗಬಾರದು. ಅರಸೀಕೆರೆಯ ಗಣಪತಿ ಪೆಂಡಾಲಿಗೆ ಕಲಾವಿದರನ್ನು ಕರೆಯುವವರು ಅವರ ವಿದ್ವತ್ತನ್ನೂ ಕಂಠವನ್ನೂ, ಬೇಕಾದರೆ ಸಂಭಾವನೆಯನ್ನೂ ವಿಚಾರಿಸಲಿ. ಅವರು ಯಾವ ಗುರುತಿಗೆ ಮತ ಹಾಕಿದರೆಂಬುದನ್ನು ವಿಚಾರಿಸುವುದು ಬೇಡ. ಹಾಗೆ ಬಂದವರು ಕಛೇರಿಯ ನಡುವೆ ತಮ್ಮ ಅಭ್ಯರ್ಥಿಯ ಗುಣಗಾನಕ್ಕೆ ತೊಡಗಿದರೆ ಮಾತ್ರ, ಧ್ವನಿವರ್ಧಕವನ್ನು ನಿಲ್ಲಿಸಲು ವ್ಯವಸ್ಥಾಪಕರು ಸಂಕೋಚಪಡಬೇಕಾಗಿಲ್ಲ.