ಉಪಗ್ರಹ ಚಿತ್ರದಲ್ಲಿ ಹಸಿರು, ಕಾಡಿನೊಳಗೆ ಮೇವಿಲ್ಲ

ಬಂಡೀಪುರದ ಅಂಚಿನಲ್ಲಿ ಬೇಸಾಯ ಮಾಡುವ ರೈತ ಬಾಂಧವರ ಪ್ರಶ್ನೆ ನ್ಯಾಯವಾದುದು: ಕಾಡಿನ ಹೊದಿಕೆ ಕುಗ್ಗಿಲ್ಲವೆಂದು ವರದಿಗಳು ಹೇಳುವುದಾದರೆ, ಆನೆ ಮತ್ತು ಕಾಡುಹಂದಿ ನಮ್ಮ ಜೋಳಕ್ಕೂ ಬಾಳೆಗೂ ಏಕೆ ಬರುತ್ತವೆ? ಬೆಳೆಯ ರುಚಿ ಒಂದು ಕಾರಣ. ಆದರೆ ವರದಿ ಅಳೆಯುವುದೇನು ಎಂಬುದನ್ನೂ ತಿಳಿಯಬೇಕು.

ಭಾರತೀಯ ಅರಣ್ಯ ಸಮೀಕ್ಷಾ ಸಂಸ್ಥೆಯ 2023ರ ವರದಿ 2024ರ ಡಿಸೆಂಬರ್‌ನಲ್ಲಿ ಪ್ರಕಟವಾಯಿತು. ದೇಶದ ಭೂಭಾಗದ ಶೇ. 21.76ರಷ್ಟು ಅರಣ್ಯ ಹೊದಿಕೆ ಎಂಬುದು ಅದರ ಲೆಕ್ಕ. ಒಂದು ಹೆಕ್ಟೇರ್ ಅಥವಾ ಅದಕ್ಕಿಂತ ಹೆಚ್ಚು ವಿಸ್ತೀರ್ಣವಿದ್ದು, ಮರಗಳ ನೆತ್ತಿ ಶೇ. 10ರಷ್ಟಾದರೂ ನೆಲವನ್ನು ಮುಚ್ಚಿದ್ದರೆ ಅದು ಅರಣ್ಯ ಹೊದಿಕೆ. ಭೂಮಿ ಯಾರದು, ಮರ ಯಾವುದು ಎಂಬ ವಿಚಾರಣೆ ಇಲ್ಲಿಲ್ಲ. ಕಾಫಿ ತೋಟವೂ ಈ ಲೆಕ್ಕಕ್ಕೆ ಸೇರಬಲ್ಲದು. ಇದರಿಂದ ಯಾರ ಪಹಣಿಯೂ ಬದಲಾಗುವುದಿಲ್ಲ. ಆ ಭಯ ಬೇಡ.

ಈ ಸಮೀಕ್ಷೆಗೆ ಬಳಸುವ ಲಿಸ್-3 ಸಂವೇದಕದ ಚಿತ್ರದಲ್ಲಿ ಒಂದು ಚುಕ್ಕೆ ನೆಲದ ಮೇಲೆ 23.5 ಮೀಟರ್ ಚೌಕ, ಅಂದರೆ ಸುಮಾರು ಐದೂವರೆ ಗುಂಟೆ. ಎಲೆಯ ಹಸಿರು ಕೆಂಪು ಬೆಳಕನ್ನು ಹೀರುತ್ತದೆ, ಎಲೆ ಅವಕೆಂಪು ಕಿರಣವನ್ನು ಹಿಂದಕ್ಕೆ ಕಳುಹಿಸುತ್ತದೆ. ಈ ಎರಡರ ಅಂತರದಿಂದ ಹಸಿರನ್ನು ಗುರುತಿಸುತ್ತಾರೆ. ಬಂಡೀಪುರದ್ದು ಬಹುಪಾಲು ಎಲೆಯುದುರುವ ಕಾಡು. ಆದ್ದರಿಂದ ನವೆಂಬರ್‌ನ ಚಿತ್ರವನ್ನು ಮಾರ್ಚ್‌ನ ಚಿತ್ರದ ಪಕ್ಕದಲ್ಲಿಟ್ಟು 'ಕಾಡು ನಾಶ' ಎಂದು ಮೊಬೈಲಿನಲ್ಲಿ ಹಂಚುವವರನ್ನು ನಂಬಬೇಡಿ. ಹೋಲಿಕೆ ಒಂದೇ ಋತುವಿನ ಚಿತ್ರಗಳ ನಡುವೆ ಇರಬೇಕು.

ನನ್ನ ದೃಷ್ಟಿಯಲ್ಲಿ ಈ ವಿಧಾನದ ದೊಡ್ಡ ಕೊರತೆ ಬೇರೆಡೆ ಇದೆ. ಮರದ ನೆರಳಿನಲ್ಲಿ ಹಬ್ಬಿದ ಲಂಟಾನ ಇಂತಹ ಚಿತ್ರದಲ್ಲಿ ಬೇರೆಯಾಗಿ ತೋರುವುದಿಲ್ಲ. ಹಳದಿ ಹೂವಿನ ಸೆನ್ನಾ ಮರವಂತೂ ಮರವೇ ಆದ್ದರಿಂದ ಹೊದಿಕೆಯ ಲೆಕ್ಕಕ್ಕೆ ಸೇರಿಹೋಗುತ್ತದೆ. ಇವೆರಡೂ ಹುಲ್ಲನ್ನು, ಎಳೆ ಸಸಿಗಳನ್ನು ಅದುಮುತ್ತವೆ. ಜಿಂಕೆ, ಕಾಟಿ, ಆನೆಗಳ ಮೇವು ಕುಗ್ಗಿದರೂ ನಕ್ಷೆಯಲ್ಲಿ ಹಸಿರು ಹಾಗೆಯೇ ಇರುತ್ತದೆ.

ಬೆಂಕಿಯ ವಿಷಯದಲ್ಲಿ ಮಾತ್ರ ಉಪಗ್ರಹದ ಸಾಕ್ಷ್ಯ ಬಲವಾದುದು. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಸುಟ್ಟ ಪ್ರದೇಶ ನಾಲ್ಕು ಸಾವಿರ ಹೆಕ್ಟೇರಿಗೂ ಹೆಚ್ಚು ಎಂಬುದು ತಿಳಿದದ್ದು ಇಂತಹ ಚಿತ್ರಗಳಿಂದಲೇ. ಸಮೀಕ್ಷಾ ಸಂಸ್ಥೆಯ ಬೆಂಕಿ ಮುನ್ಸೂಚನೆಯ ಸಂದೇಶಗಳಿಗೆ ಸಾರ್ವಜನಿಕರೂ ಹೆಸರು ನೋಂದಾಯಿಸಬಹುದು. ಕಾಡಂಚಿನ ವಿಸ್ತರಣಾ ಕಾರ್ಯಕರ್ತರು ಬೇಸಿಗೆಗೆ ಮೊದಲೇ ಇದನ್ನು ಮಾಡಿಕೊಳ್ಳುವುದು ಒಳಿತು.

ಉಳಿದ ಕೊರತೆಯನ್ನು ನೆಲದ ಮಾಹಿತಿಯೇ ತುಂಬಬೇಕು. ಅದಕ್ಕಾಗಿ ಕಾಡಿನೊಳಗೆ ಕಾಲಿಡಬೇಕಾಗಿಲ್ಲ, ಅನುಮತಿಯಿಲ್ಲದೆ ಇಡಲೂಬಾರದು. ನಿಮ್ಮ ಬೇಲಿಯ ಬಳಿ ನಿಂತು, ಲಂಟಾನ ಅಥವಾ ಸೆನ್ನಾ ಹಬ್ಬಿರುವ ಜಾಗವನ್ನು ಅಕ್ಷಾಂಶ, ರೇಖಾಂಶ ಮತ್ತು ದಿನಾಂಕ ಮೂಡುವಂತೆ ಮೊಬೈಲಿನಲ್ಲಿ ಚಿತ್ರ ತೆಗೆಯಿರಿ. ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ ಅದೇ ಜಾಗದಿಂದ ಮತ್ತೊಂದು ತೆಗೆಯಿರಿ. ಬೆಳೆಹಾನಿಯ ಅರ್ಜಿಯೊಂದಿಗೆ ಇವುಗಳ ಪ್ರತಿಯನ್ನೂ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಕೊಟ್ಟು, ಸ್ವೀಕೃತಿ ಪಡೆದಿಟ್ಟುಕೊಳ್ಳಿ.